ಲೋಹ ಬಾಗಿಸುವವರು ಪ್ರಯೋಗಶಾಲೆಗೆ ಬಂದ ಕಾಲ

ಬಲ ಹಾಕದೆ ಲೋಹವನ್ನು ಬಾಗಿಸಬಲ್ಲೆವು, ಆಧಾರವಿಲ್ಲದೆ ವಸ್ತುವನ್ನೋ ದೇಹವನ್ನೋ ಗಾಳಿಯಲ್ಲಿ ನಿಲ್ಲಿಸಬಲ್ಲೆವು ಎಂಬ ಹೇಳಿಕೆಗಳು ಬಹಳ ಹಳೆಯವಾದರೂ, ಅವು ಜಾತ್ರೆಯ ಬಯಲನ್ನೂ ರಂಗಮಂಚವನ್ನೂ ದಾಟಿ ವಿಜ್ಞಾನಿಗಳ ಪ್ರಯೋಗಶಾಲೆಯೊಳಗೆ ಕಾಲಿಟ್ಟದ್ದು ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಈಚೆಗೆ. ಈ ಚರಿತ್ರೆಯನ್ನು ನಂಬುವವರಿಗೂ ನಂಬದವರಿಗೂ ನಡೆದ ಜಗಳವೆಂದು ಬರೆಯುವುದು ರೂಢಿ. ದಾಖಲೆಗಳನ್ನು ಓದುತ್ತ ಹೋದರೆ ಅದರ ಅಡಿಯಲ್ಲಿ ಹೆಚ್ಚು ಮುಖ್ಯವಾದ ಒಂದು ಪ್ರಶ್ನೆ ಹರಿದುಬಂದಿರುವುದು ಕಾಣುತ್ತದೆ: ಪರೀಕ್ಷೆಯ ಷರತ್ತುಗಳನ್ನು ಹಾಕುವವರು ಯಾರು, ಪರೀಕ್ಷಕರೋ ಪರೀಕ್ಷೆಗೆ ಒಳಗಾದವರೋ?

1853ರಲ್ಲಿ ಇಂಗ್ಲೆಂಡಿನ ಮನೆಗಳಲ್ಲಿ ಮೇಜು ತಿರುಗಿಸುವ ಗೀಳು ಹಬ್ಬಿತ್ತು. ಕೆಲವರು ಒಂದು ಮೇಜಿನ ಸುತ್ತ ಸೇರಿ ಅದರ ಮೇಲೆ ಅಂಗೈಯೂರಿ ಕಾದರೆ ಸ್ವಲ್ಪ ಹೊತ್ತಿನಲ್ಲಿ ಮೇಜು ತಾನಾಗಿ ಸರಿಯತೊಡಗುತ್ತಿತ್ತು. ಅದಕ್ಕೆ ವಿದ್ಯುತ್ತು ಕಾರಣವೆಂದು ಕೆಲವರೂ ಸತ್ತವರ ಆತ್ಮ ಕಾರಣವೆಂದು ಕೆಲವರೂ ಹೇಳುತ್ತಿದ್ದರು. ರಾಯಲ್ ಇನ್‌ಸ್ಟಿಟ್ಯೂಷನ್ನಿನ ಮೈಕೆಲ್ ಫ್ಯಾರಡೆ ಇದನ್ನು ಪರೀಕ್ಷಿಸಲು ಹೂಡಿದ ಉಪಾಯ ಇಂದಿಗೂ ಮಾದರಿಯಾಗಿ ನಿಲ್ಲುವಂಥದ್ದು. ನಯವಾದ ರಟ್ಟಿನ ಹಲವು ಹಾಳೆಗಳ ನಡುವೆ ಮೆದುವಾದ ಅಂಟಿನ ಸಣ್ಣ ಉಂಡೆಗಳನ್ನಿಟ್ಟು, ಆ ಕಟ್ಟನ್ನು ಮೇಜಿನ ಮೇಲಿರಿಸಿ, ಕುಳಿತವರ ಕೈಗಳನ್ನು ಎಲ್ಲಕ್ಕಿಂತ ಮೇಲಿನ ಹಾಳೆಯ ಮೇಲೆ ಇಡಿಸಿದನು. ಮೇಜು ಮೊದಲು ಚಲಿಸಿ ಕೈಯನ್ನು ಎಳೆದೊಯ್ಯುವುದಾದರೆ ಕೆಳಗಿನ ಹಾಳೆಗಳು ಮುಂದೆ ಹೋಗಬೇಕು, ಕೈಯೇ ಮೇಜನ್ನು ತಳ್ಳುವುದಾದರೆ ಮೇಲಿನ ಹಾಳೆ ಮುಂದೆ ಹೋಗಬೇಕು. ಮೇಲಿನ ಹಾಳೆಯೇ ಮುಂದೆ ಹೋಯಿತು. ಬಳಿಕ ಕೈಯ ಒತ್ತಡವನ್ನು ತೋರಿಸುವ ಒಂದು ಸೂಚಕವನ್ನು ಜೋಡಿಸಿ, ಅದನ್ನು ಕುಳಿತವರಿಗೇ ಕಾಣುವಂತೆ ಇಟ್ಟಾಗ ಮೇಜಿನ ಚಲನೆ ನಿಂತುಹೋಯಿತು. ಅವರಲ್ಲಿ ಯಾರೂ ವಂಚಕರಾಗಿರಲಿಲ್ಲ. ತಮ್ಮ ಸ್ನಾಯುಗಳು ತಮಗೆ ಅರಿವಿಲ್ಲದೆ ಮಾಡುತ್ತಿದ್ದ ಕೆಲಸ ಅವರ ಕಣ್ಣಿಗೆ ಬಿದ್ದೊಡನೆ ಅದು ನಿಂತಿತು. ಫ್ಯಾರಡೆ ಯಾರನ್ನೂ ಅವಮಾನಿಸದೆ, ಅವರ ಪ್ರಾಮಾಣಿಕತೆಯನ್ನು ಒಪ್ಪಿಕೊಂಡೇ ಸತ್ಯವನ್ನು ಹೊರಗೆ ತಂದನೆಂಬುದು ಈ ಪ್ರಯೋಗದ ಘನತೆ.

ಅದಾಗಿ ಎರಡು ದಶಕ ಕಳೆಯುವುದರೊಳಗೆ ಪರಿಸ್ಥಿತಿ ತಿರುವುಮುರುವಾಯಿತು. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಡೇನಿಯಲ್ ಡಂಗ್ಲಾಸ್ ಹೋಮ್ ಎಂಬ ‘ಮಾಧ್ಯಮ’, ಅಂದರೆ ಆತ್ಮಗಳೊಡನೆ ಸಂಪರ್ಕವುಳ್ಳವನೆಂದು ಹೇಳಿಕೊಂಡವನು, 1868ರ ಡಿಸೆಂಬರಿನಲ್ಲಿ ಲಂಡನ್ನಿನ ಆಶ್ಲಿ ಹೌಸ್ ಎಂಬ ಕಟ್ಟಡದ ಒಂದು ಕಿಟಕಿಯಿಂದ ತೇಲಿ ಹೊರಹೋಗಿ ಇನ್ನೊಂದು ಕಿಟಕಿಯಿಂದ ಒಳಬಂದನೆಂದು ಮೂವರು ಸಾಕ್ಷಿಗಳು ಹೇಳಿದರು. ಕೋಣೆಯಲ್ಲಿ ಬೆಳಕು ಮಂದವಾಗಿತ್ತು, ಮತ್ತು ಸಾಕ್ಷಿಗಳ ವಿವರಗಳು ಒಂದಕ್ಕೊಂದು ಹೊಂದುವುದಿಲ್ಲ. ಥ್ಯಾಲಿಯಂ ಧಾತುವನ್ನು ಕಂಡುಹಿಡಿದ ವಿಲಿಯಂ ಕ್ರೂಕ್ಸ್ 1871ರಲ್ಲಿ ಹೋಮ್‌ನನ್ನು ತನ್ನ ಮನೆಗೇ ಕರೆಸಿ, ಮರದ ಹಲಗೆಗೆ ಸ್ಪ್ರಿಂಗ್ ತಕ್ಕಡಿಯನ್ನು ಕಟ್ಟಿ ತೂಕದ ವ್ಯತ್ಯಾಸಗಳನ್ನು ಅಳೆದು, ಇದು ಹೊಸ ಬಗೆಯ ಶಕ್ತಿಯೆಂದು ಸಾರಿದನು. ರಾಯಲ್ ಸೊಸೈಟಿ ಆ ವರದಿಯನ್ನು ಸ್ವೀಕರಿಸಲಿಲ್ಲ. ಕ್ರೂಕ್ಸ್‌ನ ತಕ್ಕಡಿ ಚೆನ್ನಾಗಿಯೇ ಇತ್ತು. ಆದರೆ ಆ ಕೋಣೆಯಲ್ಲಿ ತಕ್ಕಡಿಗಿಂತ ಹೆಚ್ಚಾಗಿ ಗಮನಿಸಬೇಕಾಗಿದ್ದುದು ಹೋಮ್‌ನ ಕೈಕಾಲುಗಳನ್ನು, ಮತ್ತು ಆ ಬಗೆಯ ಗಮನಕ್ಕೆ ರಸಾಯನವಿಜ್ಞಾನದ ತರಬೇತಿ ನೆರವಾಗುವಂಥದ್ದಲ್ಲ.

ಅಂಥ ಗಮನ ಗಾರುಡಿಗರ ಕಸುಬಿನಲ್ಲಿತ್ತು. 1830ರ ದಶಕದ ಆರಂಭದಲ್ಲಿ ಮದರಾಸಿನ ಶೇಷಾಲ್ ಎಂಬ ಬ್ರಾಹ್ಮಣ ಒಂದು ಕೈಯನ್ನು ಮಾತ್ರ ಕೋಲಿನ ಆಸರೆಗೆ ತಾಗಿಸಿ ನೆಲದಿಂದ ಮೇಲೆ ಕುಳಿತಿರುತ್ತಿದ್ದುದನ್ನು ನೋಡಿ ಬೆರಗಾದ ಯುರೋಪಿಯನ್ನರು ಆ ಸುದ್ದಿಯನ್ನು ಲಂಡನ್ನಿನ ಪತ್ರಿಕೆಗಳವರೆಗೆ ಮುಟ್ಟಿಸಿದರು. ಏರುವಾಗಲೂ ಇಳಿಯುವಾಗಲೂ ಅವನ ಸುತ್ತ ಬಟ್ಟೆಯ ಮರೆ ಹಿಡಿಯಲಾಗುತ್ತಿತ್ತು. ಆಸರೆಯ ಕೋಲಿನಿಂದ ಹೊರಟ ಲೋಹದ ಸರಳೊಂದು ತೋಳಿನೊಳಗೆ ಹಾದು, ಉಡುಪಿನ ಅಡಿಯಲ್ಲಿ ಅಡಗಿದ ಪೀಠಕ್ಕೆ ಸೇರುತ್ತದೆಂಬುದು ಈ ಆಟದ ಒಪ್ಪಿತ ವಿವರಣೆ. ವಸ್ತುಗಳು ತೇಲುವುದು ನಿಸರ್ಗಕ್ಕೆ ಒಗ್ಗದ ಸಂಗತಿಯೇನೂ ಅಲ್ಲವೆಂಬುದನ್ನೂ ಇಲ್ಲಿ ಹೇಳಬೇಕು: ಅತಿವಾಹಕಗಳು, ಅಂದರೆ ತೀರ ತಣ್ಣಗಾದಾಗ ವಿದ್ಯುತ್ತಿಗೆ ಯಾವ ತಡೆಯನ್ನೂ ಒಡ್ಡದ ವಸ್ತುಗಳು, ಕಾಂತಕ್ಷೇತ್ರವನ್ನು ಹೊರದೂಡುತ್ತವೆಂಬುದು 1933ರಲ್ಲಿ ತಿಳಿದುಬಂದಿತು, ಮತ್ತು 1997ರಲ್ಲಿ ನೆದರ್ಲೆಂಡ್ಸಿನ ನೈಮೇಗೆನ್‌ನಲ್ಲಿ ಆಂಡ್ರೆ ಗೈಮ್ ಮತ್ತು ಸಂಗಡಿಗರು ಪ್ರಬಲ ಕಾಂತಕ್ಷೇತ್ರದಲ್ಲಿ ಜೀವಂತ ಕಪ್ಪೆಯೊಂದನ್ನು ತೇಲಿಸಿದರು. ಆ ಪ್ರಯೋಗಕ್ಕೆ ಬೇಕಾದ ಷರತ್ತುಗಳೆಲ್ಲವೂ ಬರಹದಲ್ಲಿವೆ. ನೋಡುವವನು ಯಾರೆಂಬುದನ್ನು ಅವಲಂಬಿಸಿ ಕಪ್ಪೆ ಕೆಳಗೆ ಬೀಳುವುದಿಲ್ಲ.

ಲೋಹದ ಸರದಿ ಬಂದದ್ದು 1970ರ ದಶಕದಲ್ಲಿ. ಟೆಲ್ ಅವೀವ್‌ನಲ್ಲಿ 1946ರಲ್ಲಿ ಹುಟ್ಟಿ, ಇಸ್ರೇಲಿನ ಸೇನೆಯಲ್ಲಿದ್ದು, ಬಳಿಕ ರಂಗಪ್ರದರ್ಶನಗಳಿಂದ ಹೆಸರಾದ ಯೂರಿ ಗೆಲ್ಲರ್ ಚಮಚದ ಕುತ್ತಿಗೆಯನ್ನು ಬೆರಳಿನಿಂದ ಮೃದುವಾಗಿ ಸವರಿ ಬಾಗಿಸುತ್ತಿದ್ದನು. ಲೋಹಶಾಸ್ತ್ರದಲ್ಲಿ ‘ದಣಿವು’ ಎಂಬ ಒಂದು ಗುಣವಿದೆ: ಲೋಹವನ್ನು ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಮತ್ತೆ ಮತ್ತೆ ಬಗ್ಗಿಸಿದರೆ ಅಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಮೂಡಿ, ಕೊನೆಗೆ ಬೆರಳ ಸೋಕಿಗೇ ಅದು ಬಾಗಿ ಮುರಿಯುತ್ತದೆ. ಹೀಗೆ ಮೊದಲೇ ಹದಮಾಡಿದ ಚಮಚ, ಅಥವಾ ಎಲ್ಲರ ನೋಟ ಬೇರೆಡೆ ಇದ್ದ ಗಳಿಗೆಯಲ್ಲಿ ಕುರ್ಚಿಯ ಅಂಚಿಗೆ ಒತ್ತಿ ಬಗ್ಗಿಸಿದ ಚಮಚ, ಬಾಗಿದ ಭಾಗವನ್ನು ಬೆರಳುಗಳ ನಡುವಿನಿಂದ ನಿಧಾನವಾಗಿ ಹೊರಗೆ ಬಿಡುವ ಕೈಚಳಕ, ಇಷ್ಟಿದ್ದರೆ ಜಾದೂಗಾರರು ಅದೇ ದೃಶ್ಯವನ್ನು ತೋರಿಸಬಲ್ಲರು. ಜಾದೂಗಾರ ಜೇಮ್ಸ್ ರ‍್ಯಾಂಡಿ ಅದನ್ನು ಸಾರ್ವಜನಿಕವಾಗಿ ಹಲವು ಬಾರಿ ತೋರಿಸಿದನು.

ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಲೇಸರ್ ತಜ್ಞರಾದ ರಸೆಲ್ ಟಾರ್ಗ್ ಮತ್ತು ಹೆರಾಲ್ಡ್ ಪುಟ್‌ಹಾಫ್ ಗೆಲ್ಲರ್‌ನನ್ನು ಪರೀಕ್ಷಿಸಿದರು. ‘ನೇಚರ್’ ಪತ್ರಿಕೆ 1974ರ ಅಕ್ಟೋಬರಿನಲ್ಲಿ ಅವರ ಲೇಖನವನ್ನು ಪ್ರಕಟಿಸಿದಾಗ, ತೀರ್ಪುಗಾರರ ಆಕ್ಷೇಪಗಳನ್ನು ತಿಳಿಸುವ ಸಂಪಾದಕೀಯವನ್ನೂ ಜೊತೆಗೆ ಅಚ್ಚುಮಾಡಿತು. ಆ ಲೇಖನ ಮುಖ್ಯವಾಗಿ ಮುಚ್ಚಿದ ಕೋಣೆಯಿಂದ ಚಿತ್ರಗಳನ್ನು ಊಹಿಸುವುದನ್ನು ಕುರಿತದ್ದು. ಲೋಹ ಬಾಗುವುದನ್ನು ಕಂಡಿದ್ದರೂ ಅದನ್ನು ಅಲೌಕಿಕವೆನ್ನಲು ಸಾಕಾಗುವಷ್ಟು ನಿಯಂತ್ರಿತ ಪ್ರಯೋಗ ತಮ್ಮಿಂದ ಆಗಲಿಲ್ಲವೆಂದು ಲೇಖಕರೇ ಅದರಲ್ಲಿ ಒಪ್ಪಿದ್ದಾರೆ. ಗೆಲ್ಲರ್‌ನ ಹೆಸರಿನೊಡನೆ ಆ ಪತ್ರಿಕೆಯ ಹೆಸರನ್ನು ಮುಂದೆ ಬಳಸಿಕೊಂಡವರು ಈ ಒಪ್ಪಿಗೆಯನ್ನು ಎತ್ತಿ ಹೇಳಿದ್ದು ಅಪರೂಪ. ಅದಕ್ಕೆ ಮೊದಲೇ, 1973ರ ಆಗಸ್ಟಿನಲ್ಲಿ, ತರುಣನಾಗಿದ್ದಾಗ ಜಾದೂ ಮಾಡುತ್ತಿದ್ದ ಜಾನಿ ಕಾರ್ಸನ್ ತನ್ನ ಅಮೆರಿಕನ್ ದೂರದರ್ಶನ ಕಾರ್ಯಕ್ರಮಕ್ಕೆ ಗೆಲ್ಲರ್‌ನನ್ನು ಕರೆದು, ರ‍್ಯಾಂಡಿಯ ಸಲಹೆಯಂತೆ ವಸ್ತುಗಳನ್ನೆಲ್ಲ ತಾನೇ ಒದಗಿಸಿ, ಅವು ಮುಂಚಿತವಾಗಿ ಅತಿಥಿಯ ಕೈಗೆ ಸಿಗದಂತೆ ನೋಡಿಕೊಂಡಾಗ, ಇಪ್ಪತ್ತು ನಿಮಿಷ ಕಳೆದರೂ ಏನೂ ನಡೆಯಲಿಲ್ಲ.

ಬ್ರಿಟನ್ನಿನಲ್ಲಿ ಕಥೆ ಬೇರೆ ದಾರಿ ಹಿಡಿಯಿತು. 1973ರ ನವೆಂಬರಿನ ಬಿಬಿಸಿ ಪ್ರಸಾರದಲ್ಲಿ ಗೆಲ್ಲರ್ ಫೋರ್ಕುಗಳನ್ನು ಬಾಗಿಸಿದ ಮೇಲೆ ದೇಶದ ನಾನಾ ಕಡೆ ಮಕ್ಕಳು ತಮಗೂ ಆ ಶಕ್ತಿ ಬಂದಿದೆಯೆಂದರು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಜಾನ್ ಟೇಲರ್ ಮೊಹರು ಮಾಡಿದ ನಳಿಗೆಗಳಲ್ಲಿ ಸರಳುಗಳನ್ನಿಟ್ಟು ಮಕ್ಕಳಿಗೆ ಕೊಟ್ಟನು. ಯಾರೂ ನೋಡದಾಗ ಸರಳುಗಳು ಬಾಗುತ್ತಿದ್ದವು, ನೋಡುತ್ತಿದ್ದಾಗ ಬಾಗುತ್ತಿರಲಿಲ್ಲ. ಟೇಲರ್ ಇದಕ್ಕೆ ‘ನಾಚಿಕೆಯ ಪರಿಣಾಮ’ ಎಂದು ಹೆಸರಿಟ್ಟನು. ಅನುಮಾನಕ್ಕೆ ಎಡೆಗೊಡಬೇಕಾಗಿದ್ದ ಸಂಗತಿ ಇಲ್ಲಿ ವಿದ್ಯಮಾನದ್ದೇ ಒಂದು ಗುಣವಾಗಿ ಮಾರ್ಪಟ್ಟಿತು, ಮತ್ತು ಈ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಅಪಾಯಕರವಾದ ಹೆಜ್ಜೆ ಮತ್ತೊಂದಿಲ್ಲ. ಬರ್ಕ್‌ಬೆಕ್ ಕಾಲೇಜಿನ ಭೌತವಿಜ್ಞಾನಿ ಜಾನ್ ಹ್ಯಾಸ್ಟೆಡ್ ಗಾಜಿನ ಗೋಲದೊಳಗೆ ಕಾಗದದ ಕ್ಲಿಪ್ಪುಗಳನ್ನು ಹಾಕಿದಾಗ ಮಕ್ಕಳು ಅವುಗಳನ್ನು ಮುದ್ದೆಯಾಗಿ ಹೆಣೆದು ಮರಳಿಸುತ್ತಿದ್ದರು, ಆದರೆ ಗೋಲದಲ್ಲಿ ಒಂದು ಸಣ್ಣ ರಂಧ್ರವಿದ್ದರೆ ಮಾತ್ರ. ಬಾತ್ ವಿಶ್ವವಿದ್ಯಾಲಯದ ಬ್ರಯನ್ ಪಾಂಪ್ಲಿನ್ ಮತ್ತು ಹ್ಯಾರಿ ಕಾಲಿನ್ಸ್ ಬೇರೆ ರೀತಿ ಯೋಚಿಸಿ, ಆರು ಮಕ್ಕಳನ್ನು ಒಬ್ಬ ವೀಕ್ಷಕನೊಡನೆ ಕೋಣೆಯಲ್ಲಿ ಕೂರಿಸಿ, ಸ್ವಲ್ಪ ಹೊತ್ತಿನ ಬಳಿಕ ಎಚ್ಚರವನ್ನು ಸಡಿಲಿಸುವಂತೆ ಅವನಿಗೆ ಹೇಳಿ, ತಾವು ಏಕಮುಖ ಕನ್ನಡಿಯ ಹಿಂದಿನಿಂದ ಚಿತ್ರೀಕರಿಸಿದರು. ಐವರು ಕೈಯಿಂದಲೋ ಕಾಲಿನಿಂದಲೋ ಲೋಹವನ್ನು ಬಗ್ಗಿಸುತ್ತಿದ್ದುದು ಚಿತ್ರದಲ್ಲಿ ಸಿಕ್ಕಿತು. ಈ ವರದಿ 1975ರಲ್ಲಿ ‘ನೇಚರ್’ನಲ್ಲಿಯೇ ಬಂದಿತು. ಟೇಲರ್ ತನ್ನ ಅಭಿಪ್ರಾಯವನ್ನು ಬದಲಿಸಿ 1980ರಲ್ಲಿ ಅದನ್ನು ಪುಸ್ತಕರೂಪದಲ್ಲಿಯೇ ಹೇಳಿದನು. ಖ್ಯಾತಿ ತಂದ ನಿಲುವನ್ನು ಬಹಿರಂಗವಾಗಿ ಬಿಟ್ಟುಕೊಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಹ್ಯಾಸ್ಟೆಡ್ ಬದಲಾಗಲಿಲ್ಲ.

ಇದೇ ಕಾಲದ ಒಂದು ಎಳೆ ಬೆಂಗಳೂರನ್ನೂ ಮುಟ್ಟುತ್ತದೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಪರೀಕ್ಷೆಗೆ ಸಿಗಬಲ್ಲ ಮೂಢನಂಬಿಕೆಗಳನ್ನೂ ತನಿಖೆ ಮಾಡುವ ಸಮಿತಿಯನ್ನು ರಚಿಸಿ, ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದು, ನಿಯಂತ್ರಿತ ಪರಿಸ್ಥಿತಿಯಲ್ಲಿ ಪವಾಡಗಳನ್ನು ತೋರಿಸುವಂತೆ ಕೋರಿದರು. ಕೋರಿಕೆ ಈಡೇರಲಿಲ್ಲ. ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುವನೆಂದು ಹೆಸರಾಗಿದ್ದ ಬಾಲಕನೊಬ್ಬನನ್ನು ಸಮಿತಿ ಪರೀಕ್ಷಿಸಿದಾಗ ಅದು ಬಟ್ಟೆಯೊಳಗೆ ಅಡಗಿದ್ದುದು ಬಯಲಾಯಿತು. ಲಂಡನ್ನಿನಲ್ಲಿ ದೊಡ್ಡ ಪ್ರಾಧ್ಯಾಪಕರು ಮಕ್ಕಳ ಜೇಬನ್ನು ನೋಡುವುದು ಅಸಭ್ಯವೆಂಬಂತೆ ನಡೆದುಕೊಳ್ಳುತ್ತಿದ್ದ ದಿನಗಳಲ್ಲಿ ಬೆಂಗಳೂರಿನ ಈ ನೇರವಾದ ವಿಧಾನಕ್ಕೆ ಸಿಗಬೇಕಾದಷ್ಟು ಮನ್ನಣೆ ಈ ಚರಿತ್ರೆಯಲ್ಲಿ ಸಿಕ್ಕಿಲ್ಲ.

ಕೊನೆಯ ದೊಡ್ಡ ಅಧ್ಯಾಯ ಅಮೆರಿಕದ ಸೇಂಟ್ ಲೂಯಿಸ್‌ನದು. ವಿಮಾನ ತಯಾರಕ ಜೇಮ್ಸ್ ಮ್ಯಾಕ್‌ಡೊನೆಲ್ 1979ರಲ್ಲಿ ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಕೊಟ್ಟ 5 ಲಕ್ಷ ಡಾಲರುಗಳಿಂದ, ಪೀಟರ್ ಫಿಲಿಪ್ಸ್ ಎಂಬ ಭೌತವಿಜ್ಞಾನಿಯ ನೇತೃತ್ವದಲ್ಲಿ, ಮನಶ್ಶಕ್ತಿಯನ್ನು ಸಂಶೋಧಿಸುವ ಪ್ರಯೋಗಶಾಲೆ ಆರಂಭವಾಯಿತು. ರ‍್ಯಾಂಡಿ ಅಲ್ಲಿಗೆ ಎಚ್ಚರಿಕೆಯ ಪಟ್ಟಿಯೊಂದನ್ನು ಬರೆದು ಕಳುಹಿಸಿ, ಪುಕ್ಕಟೆಯಾಗಿ ನೆರವಾಗುವುದಾಗಿಯೂ ತಿಳಿಸಿದನು. ಆ ನೆರವನ್ನು ಆಗ ಬಳಸಿಕೊಳ್ಳಲಿಲ್ಲ. ಅವನೊಡನೆ ಮೊದಲೇ ಮಾತಾಡಿಕೊಂಡಿದ್ದ ಸ್ಟೀವ್ ಶಾ ಮತ್ತು ಮೈಕೆಲ್ ಎಡ್ವರ್ಡ್ಸ್ ಎಂಬ ಹದಿಹರೆಯದ ಇಬ್ಬರು ಜಾದೂಗಾರರು ಅತೀಂದ್ರಿಯ ಶಕ್ತಿಯುಳ್ಳವರಂತೆ ಅಲ್ಲಿ ಸೇರಿಕೊಂಡರು. ಪ್ರತಿ ಚಮಚಕ್ಕೂ ದಾರದಿಂದ ಒಂದು ಚೀಟಿ ಕಟ್ಟಿ ಮೊದಲೇ ಅಳತೆ ತೆಗೆದಿಡುವುದು ಅಲ್ಲಿನ ಕ್ರಮವಾಗಿತ್ತು. ಹುಡುಗರು ಚೀಟಿಗಳನ್ನು ಅದಲುಬದಲು ಮಾಡಿದರೆ ಸಾಕಾಗಿತ್ತು, ಒಂದಕ್ಕೊಂದು ಸ್ವಲ್ಪ ಭಿನ್ನವಾದ ಚಮಚಗಳನ್ನು ಮತ್ತೆ ಅಳೆದಾಗ ಪ್ರತಿಯೊಂದೂ ಬಾಗಿದಂತೆ ಲೆಕ್ಕಕ್ಕೆ ಬರುತ್ತಿತ್ತು. ನೀವು ತಂತ್ರ ಮಾಡುತ್ತಿದ್ದೀರಾ ಎಂದು ಯಾರಾದರೂ ನೇರವಾಗಿ ಕೇಳಿದರೆ ಕೂಡಲೇ ನಿಜ ಹೇಳಬೇಕೆಂದು ಮೂವರೂ ಮೊದಲೇ ಒಪ್ಪಿಕೊಂಡಿದ್ದರು. ಯಾರೂ ಕೇಳಲಿಲ್ಲ. 1981ರಲ್ಲಿ ಸಹೋದ್ಯೋಗಿಗಳ ಟೀಕೆಯ ನಂತರ ಫಿಲಿಪ್ಸ್ ನಿಯಂತ್ರಣಗಳನ್ನು ಬಿಗಿಗೊಳಿಸಿದಾಗ ಹುಡುಗರ ಸಾಮರ್ಥ್ಯವೆಲ್ಲ ಕರಗಿತು. 1983ರ ಆರಂಭದಲ್ಲಿ ನ್ಯೂಯಾರ್ಕಿನ ಪತ್ರಿಕಾಗೋಷ್ಠಿಯೊಂದರಲ್ಲಿ ರ‍್ಯಾಂಡಿ ಇಡೀ ಯೋಜನೆಯನ್ನು ಬಹಿರಂಗಪಡಿಸಿದನು, ಮತ್ತು 1985ರಲ್ಲಿ ಆ ಪ್ರಯೋಗಶಾಲೆ ಮುಚ್ಚಿತು.