ಮೆಹರ್ ಎಂಬ ಸಾಲ

ನಿಕಾಹ್ ದಿನ ಖಾಜಿ ಸಾಹೇಬರು ದಫ್ತರಿನಲ್ಲಿ ಬರೆದುಕೊಳ್ಳುವ ಸಂಗತಿಗಳಲ್ಲಿ ಮೆಹರ್ ಒಂದು. ಗಂಡ ಹೆಂಡತಿಗೆ ಕೊಡಬೇಕಾದ ಹಣ ಅದು. ಕೇಳಿದ ಕೂಡಲೇ ಕೊಡಬೇಕಾದದ್ದು ಮುಅಜ್ಜಲ್, ಆಮೇಲೆ ಕೊಡುತ್ತೇನೆ ಎಂದು ಉಳಿಸಿಕೊಂಡದ್ದು ಮುವಜ್ಜಲ್. ಕಿವಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಆ ಒಂದಕ್ಷರದ ವ್ಯತ್ಯಾಸದಲ್ಲಿ ನಮ್ಮ ಎಷ್ಟೋ ಹೆಂಗಸರ ಜೀವಮಾನ ಕಳೆದುಹೋಗಿದೆ.

ಮೆಹರ್ ದಾನವಲ್ಲ, ಉಡುಗೊರೆಯೂ ಅಲ್ಲ. ಅದು ಗಂಡನ ತಲೆಯ ಮೇಲಿರುವ ಸಾಲ. ಅವನು ತೀರಿಕೊಂಡರೆ ದಫನ್ನಿನ ಖರ್ಚು ಕಳೆದು, ಆಸ್ತಿ ಹಂಚುವ ಮೊದಲು ಉಳಿದ ಸಾಲಗಳ ಜೊತೆಗೆ ಇದೂ ತೀರಬೇಕು. ಆಮೇಲೆ ವಾರಸುದಾರರ ಪಾಲು. ಎಂದರೆ ವಿಧವೆ ಎರಡು ಸಲ ಕೈ ಚಾಚಬಹುದು: ಒಮ್ಮೆ ಸಾಲ ಬರಬೇಕಾದವಳಾಗಿ, ಇನ್ನೊಮ್ಮೆ ಹೆಂಡತಿಯಾಗಿ. ಹೆಂಡತಿಯ ಪಾಲು ಮಕ್ಕಳಿದ್ದರೆ ಎಂಟರಲ್ಲೊಂದು, ಇಲ್ಲದಿದ್ದರೆ ನಾಲ್ಕರಲ್ಲೊಂದು. ನಾನಿಲ್ಲಿ ಹೇಳುತ್ತಿರುವುದು ಸುನ್ನಿಗಳ ಲೆಕ್ಕ.

ಮದುವೆಯಾದ ಮಾತ್ರಕ್ಕೆ ಗಂಡಹೆಂಡಿರ ಆಸ್ತಿ ನಮ್ಮಲ್ಲಿ ಕೂಡಿಕೊಳ್ಳುವುದಿಲ್ಲ. ತವರಿನಿಂದ ತಂದ ಬಂಗಾರ, ಅವಳೇ ದುಡಿದ ದುಡ್ಡು ಎಲ್ಲವೂ ಅವಳದೇ. ಇಂಗ್ಲೆಂಡಿನ ಹೆಂಡತಿಯರಿಗೆ ಕಾನೂನು ಇಂಥ ಹಕ್ಕನ್ನು ಪೂರ್ತಿಯಾಗಿ ಒಪ್ಪಿಕೊಂಡದ್ದು 1882ರಲ್ಲಿ. ಇದನ್ನು ಹೇಳಿಕೊಂಡು ಹಿಗ್ಗುವ ಗಂಡಸರು ಬಹಳ ಮಂದಿ ಇದ್ದಾರೆ. ಇದರ ಮಗ್ಗುಲಿನ ಮಾತನ್ನು ಮಾತ್ರ ಅವರು ಎತ್ತುವುದಿಲ್ಲ: ಮನೆ ಗಂಡನ ಹೆಸರಿನಲ್ಲಿದ್ದರೆ ಅಲ್ಲಿ ನಲವತ್ತು ವರ್ಷ ಒಲೆಯ ಮುಂದೆ ಬೆಂದರೂ ಅದರ ಒಂದು ಇಟ್ಟಿಗೆಯೂ ಅವಳದಾಗುವುದಿಲ್ಲ.

ಮೈನಾ ಬೀಬಿ ಎಂಬ ಹೆಂಗಸಿನ ಕಥೆ ಕಾನೂನು ಪುಸ್ತಕಗಳಲ್ಲಿ ಉಳಿದಿದೆ. ನನಗೆ ಅದು ಕಾನೂನಿನ ಕಥೆ ಎನಿಸುವುದಿಲ್ಲ. ಉತ್ತರ ಭಾರತದ ಜಮೀನುದಾರನೊಬ್ಬ 1890ರಲ್ಲಿ ತೀರಿಕೊಂಡ. ಹೆಂಡತಿ ಮೈನಾ ಬೀಬಿ ಅವನ ಜಮೀನನ್ನು ಹಿಡಿದು ಕೂತಳು. ಹನ್ನೆರಡು ವರ್ಷವಾದ ಮೇಲೆ, 1902ರಲ್ಲಿ, ಉಳಿದ ವಾರಸುದಾರರು ದಾವೆ ಹೂಡಿದರು. ನನ್ನ ಮೆಹರ್ ಬಂದಿಲ್ಲ, ಬರುವವರೆಗೆ ಬಿಡುವುದಿಲ್ಲ ಎಂದಳು ಆಕೆ. ಮರುವರ್ಷ ಕೋರ್ಟು ಅವಳ ಮಾತನ್ನು ಒಪ್ಪಿತು. ಇಪ್ಪತ್ತೈದು ಸಾವಿರಕ್ಕೂ ಮಿಕ್ಕ ಹಣವನ್ನು ಆರು ತಿಂಗಳಲ್ಲಿ ಅವಳಿಗೆ ಕೊಡಿ, ಆಮೇಲೆ ಜಮೀನು ತೆಗೆದುಕೊಳ್ಳಿ ಎಂದಿತು. ಅವರು ಕೊಡಲಿಲ್ಲ. ಅವಳು ಬಿಡಲಿಲ್ಲ.

1907ರಲ್ಲಿ ಆಕೆ ಆ ಜಮೀನನ್ನು ತನ್ನದೇ ಎಂಬಂತೆ ದಾನಪತ್ರ ಬರೆದುಕೊಟ್ಟಳು. ಮತ್ತೆ ವ್ಯಾಜ್ಯ. ಅದು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. 1920ರ ದಶಕದ ನಡುವೆ ಬಂದ ತೀರ್ಪು ಇಷ್ಟು: ಮೆಹರ್ ಬರುವವರೆಗೆ ವಿಧವೆ ಜಮೀನನ್ನು ಹಿಡಿದುಕೊಂಡಿರಬಹುದು, ಆದರೆ ಅದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಕಾಯುವ ಹಕ್ಕು ಉಂಟು, ಒಡೆತನ ಇಲ್ಲ. ಇದನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದರೆ, ಹಿಡಿದುಕೊಂಡು ಕೂತದ್ದರಿಂದಲೇ ಅವಳ ಮಾತನ್ನು ಯಾರಾದರೂ ಕೇಳಿದ್ದು. ಬಿಟ್ಟುಕೊಟ್ಟು ತಮ್ಮನ ಮನೆ ಸೇರಿದ್ದರೆ ಅವಳ ಹೆಸರೂ ನಮಗೆ ಗೊತ್ತಾಗುತ್ತಿರಲಿಲ್ಲ.

ನಮ್ಮ ದಾದಿಯ ಓರಗೆಯವರಲ್ಲಿ ಹೀಗೆ ಹಿಡಿದು ಕೂತವರು ಯಾರೂ ಇರಲಿಲ್ಲ. ಜನಾಜ ಏಳುವ ಮೊದಲು ಹಿರಿಯ ಹೆಂಗಸೊಬ್ಬಳು ವಿಧವೆಯ ಕಿವಿಯ ಹತ್ತಿರ ಬಗ್ಗುತ್ತಿದ್ದಳು. "ಬೇಟಿ, ಮೆಹರ್ ಮಾಫ್ ಮಾಡಿಬಿಡಮ್ಮ, ಅವರ ಆತ್ಮಕ್ಕೆ ಭಾರ ಆಗಬಾರದು." ಮಾಫ್ ಮಾಡದೆ ಆಕೆ ಇನ್ನೇನು ಮಾಡಿಯಾಳು! ದಾದಿ ಇದನ್ನು ಒಂದು ಪುಣ್ಯದ ಕೆಲಸದಂತೆ ನಮಗೆ ಹೇಳುತ್ತಿದ್ದರು. ಗಂಡನ ಸಾವಿನ ದುಃಖದಲ್ಲಿ ಬುದ್ಧಿ ಕಲಕಿರುವಾಗ ಹೆಂಗಸು ಮಾಡಿದ ಇಂಥ ಮಾಫಿ ಅವಳನ್ನು ಕಟ್ಟಿಹಾಕುವುದಿಲ್ಲವೆಂದು ಕಲ್ಕತ್ತಾ ಹೈಕೋರ್ಟು 1920ರಲ್ಲೇ ಹೇಳಿತ್ತು ಎಂಬುದು ದಾದಿಗೆ ಹೇಗೆ ಗೊತ್ತಿರಬೇಕು? ಬಾಕಿ ಉಳಿದ ಮೆಹರಿಗೆ ಗಂಡ ಸತ್ತ ಅಥವಾ ತಲಾಕ್ ಆದ ಮೂರು ವರ್ಷದೊಳಗೆ ದಾವೆ ಹೂಡಬೇಕೆಂಬುದು ಇಂದಿಗೂ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ.

ಇನ್ನು ಹೆಣ್ಣುಮಕ್ಕಳ ಪಾಲು. ಪಂಜಾಬಿನಂಥ ಕಡೆ ರೂಢಿಯ ಹೆಸರಿನಲ್ಲಿ ಮಗಳಿಗೆ ಏನೂ ಕೊಡುತ್ತಿರಲಿಲ್ಲ. ಇದನ್ನು ಮುಸ್ಲಿಂ ಮಹಿಳಾ ಸಂಘಗಳೇ ಖಂಡಿಸಿ, ನಮಗೆ ಷರೀಅತ್ತೇ ಬೇಕು ಎಂದು ಕೇಳಿದವು. 1937ರ ಷರೀಅತ್ ಕಾಯಿದೆ ಬಂದದ್ದು ಹಾಗೆ. ಆದರೆ ಅದರಿಂದ ಕೃಷಿ ಭೂಮಿಯನ್ನೇ ಹೊರಗಿಟ್ಟರು! ಆಸ್ತಿ ಎಂದರೆ ಹೊಲಗದ್ದೆಯೇ ಆಗಿದ್ದ ಕಾಲದಲ್ಲಿ ಹೊಲಗದ್ದೆ ಬಿಟ್ಟು ಉಳಿದದ್ದರಲ್ಲಿ ಪಾಲು. ಮದರಾಸು ಸರ್ಕಾರ 1949ರಲ್ಲಿ ತಿದ್ದುಪಡಿ ತಂದು ಭೂಮಿಯನ್ನೂ ಸೇರಿಸಿತು. ಮಂಗಳೂರು, ಉಡುಪಿ, ಕಾಸರಗೋಡು ಆಗ ಮದರಾಸಿಗೆ ಸೇರಿದ್ದವು.

ಆ ಕಾಸರಗೋಡು ಜಿಲ್ಲೆಯ ಸುದ್ದಿಯೊಂದು ನಿಮಗೂ ನೆನಪಿರಬಹುದು. ವಕೀಲರೂ ಚಿತ್ರನಟರೂ ಆದ ಸಿ. ಶುಕ್ಕೂರ್ ಮತ್ತು ಅವರ ಪತ್ನಿ ಶೀನಾ 1994ರಲ್ಲಿ ನಿಕಾಹ್ ಆದವರು. 2023ರ ಮಾರ್ಚ್ 8ರಂದು ಹೊಸದುರ್ಗದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ 1954ರ ವಿಶೇಷ ವಿವಾಹ ಕಾಯಿದೆಯ ಪ್ರಕಾರ ಮತ್ತೊಮ್ಮೆ ಮದುವೆಯಾದರು. ಮೂವರು ಮಕ್ಕಳು, ಮೂವರೂ ಹೆಣ್ಣು. ಷರೀಅತ್ತಿನ ಲೆಕ್ಕ ಹಾಕಿ ನೋಡಿ: ತಂದೆಯ ಆಸ್ತಿಯನ್ನು ಇಪ್ಪತ್ನಾಲ್ಕು ಭಾಗ ಮಾಡಿದರೆ ಹೆಣ್ಣುಮಕ್ಕಳೆಲ್ಲರಿಗೂ ಸೇರಿ ಹದಿನಾರು, ತಾಯಿಗೆ ಮೂರು. ಅಜ್ಜ ಅಜ್ಜಿ ಇಲ್ಲದಿದ್ದರೆ ಉಳಿದ ಐದು ಭಾಗ ತಂದೆಯ ಒಡಹುಟ್ಟಿದವರಿಗೆ. ಗಂಡುಮಗ ಒಬ್ಬನಿದ್ದಿದ್ದರೆ ಅವರಿಗೆ ಏನೂ ಹೋಗುತ್ತಿರಲಿಲ್ಲ.

ಉಯಿಲು ಬರೆದರಾಯಿತಲ್ಲ ಎನ್ನುವಂತಿಲ್ಲ. ಮುಸ್ಲಿಮನೊಬ್ಬ ಉಯಿಲಿನಲ್ಲಿ ಕೊಡಬಹುದಾದದ್ದು ಮೂರರಲ್ಲೊಂದು ಭಾಗ. ಅದನ್ನೂ ವಾರಸುದಾರರಿಗೇ ಬರೆದರೆ ಉಳಿದ ವಾರಸುದಾರರು ಅವನು ಸತ್ತ ಮೇಲೆ ಒಪ್ಪಬೇಕು. ವಿಶೇಷ ವಿವಾಹ ಕಾಯಿದೆಯಡಿ ಆದವರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. ಅಲ್ಲಿ ಉಯಿಲಿಗೆ ಆ ಮಿತಿ ಇಲ್ಲ. ಉಯಿಲೇ ಇಲ್ಲದಿದ್ದರೂ ಹೆಂಡತಿಗೆ ಮೂರರಲ್ಲೊಂದು, ಉಳಿದದ್ದೆಲ್ಲ ಮಕ್ಕಳಿಗೆ. ಶುಕ್ಕೂರರಿಗೆ ಟೀಕೆಯೂ ಸಾಕಷ್ಟು ಬಂತು.

ಎಲ್ಲರಿಗೂ ಆ ಧೈರ್ಯ ಬರಲಿಕ್ಕಿಲ್ಲ, ಬರಬೇಕೆಂದು ನಾನು ಹೇಳುವುದೂ ಇಲ್ಲ. ಷರೀಅತ್ತಿನ ಒಳಗೇ ಹಿಬಾ ಎಂಬ ದಾರಿ ಇದೆ. ಬದುಕಿರುವಾಗಲೇ ಹೆಂಡತಿಗೆ, ಮಗಳಿಗೆ ಎಷ್ಟು ಬೇಕಾದರೂ ಕೊಡಬಹುದು. ಕೊಟ್ಟೆ ಎನ್ನಬೇಕು, ಅವಳು ಒಪ್ಪಬೇಕು, ಸ್ವತ್ತು ಅವಳ ಕೈಗೆ ಹೋಗಬೇಕು. ಈ ಮೂರು ಇದ್ದರೆ ನೋಂದಣಿ ಇಲ್ಲದಿದ್ದರೂ ಹಿಬಾ ನಿಲ್ಲುತ್ತದೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ಆದರೂ ನೋಂದಣಿ ಮಾಡಿಸಿಕೊಳ್ಳುವುದೇ ಜಾಣತನ. ಗಂಡಹೆಂಡಿರು ಒಟ್ಟಿಗಿರುವ ಮನೆಯನ್ನು ಅವಳಿಗೆ ಕೊಟ್ಟರೆ ಅವನು ಗಂಟುಮೂಟೆ ಕಟ್ಟಿ ಹೊರಗೆ ಹೋಗಬೇಕಾದ್ದಿಲ್ಲ. ಆದರೆ ಖಾತೆ ಅವಳ ಹೆಸರಿಗೆ ಬದಲಾಗಲಿ, ಕಂದಾಯದ ರಸೀದಿ ಅವಳ ಹೆಸರಿನಲ್ಲಿ ಬರಲಿ, ಬಾಡಿಗೆಯವರಿದ್ದರೆ ಬಾಡಿಗೆಯನ್ನು ಅವಳ ಕೈಗೇ ಕೊಡಲಿ. ನಾಳೆ ಮೈದುನಂದಿರು ಬಾಗಿಲಿಗೆ ಬಂದು ನಿಂತಾಗ ತೋರಿಸುವುದಕ್ಕೆ ಬೇಕಾಗುವುದು ಆ ರಸೀದಿಗಳೇ.