ಊರಿನದಲ್ಲದ ಮದ್ದು, ಊರಿನದೇ ಅಳತೆ: ತಲ್ಲೂರು ಸೀಮೆಯ ಈಡಿನ ಚರಿತ್ರೆ

ಕೋವಿಯ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ನಳಿಗೆಯನ್ನೂ ಅದನ್ನು ಬಡಿದು ಮಾಡಿದ ಕುಲುಮೆಯನ್ನೂ ಹಿಡಿದು ಹೊರಡುತ್ತಾರೆ. ಆದರೆ ಕುಂದಾಪುರದಿಂದ ಉತ್ತರಕ್ಕೆ ಹೊಳೆ ದಾಟಿದರೆ ಸಿಗುವ ತಲ್ಲೂರು ಮತ್ತು ಅದರ ಮೂಡಲ ಹಳ್ಳಿಗಳ ಮಟ್ಟಿಗೆ ಆ ದಾರಿ ಹೆಚ್ಚು ದೂರ ಸಾಗದು. ಇಲ್ಲಿ ಕೋವಿ ಹೆಚ್ಚಾಗಿ ಹೊರಗಿನಿಂದ ಬಂದದ್ದು, ಅದಕ್ಕೆ ಬೇಕಾದ ಮದ್ದಿನ ಮುಖ್ಯ ಸಾಮಗ್ರಿಯೂ ಹೊರಗಿನಿಂದಲೇ ಬಂದದ್ದು; ನೆಲೆ ನಿಂತು ಊರಿನದಾದದ್ದು ಯಾವ ಕೋವಿಗೆ ಎಷ್ಟು ಮದ್ದು, ಎಷ್ಟು ಸೀಸ ಎಂಬ ಅಳತೆಯ ತಿಳಿವಳಿಕೆ.

ಮದ್ದಿನ ಸಾಮಗ್ರಿ ಹೊರಗಿನಿಂದ ಬರಬೇಕಾದದ್ದಕ್ಕೆ ಕಾರಣ ಮಳೆ. ಕಪ್ಪು ಮದ್ದಿನಲ್ಲಿ ಪೆಟ್ಲುಪ್ಪು, ಗಂಧಕ, ಇದ್ದಿಲು ಎಂಬ ಮೂರು ವಸ್ತುಗಳಿದ್ದು, ಅವುಗಳಲ್ಲಿ ಉರಿಯುವುದಕ್ಕೆ ಬೇಕಾದ ಆಮ್ಲಜನಕವನ್ನು ಒದಗಿಸುವ ಪೆಟ್ಲುಪ್ಪಿನ ಪಾಲೇ ದೊಡ್ಡದು. ಅದು ನೀರಿನಲ್ಲಿ ಸುಲಭವಾಗಿ ಕರಗುವ ಲವಣವಾದುದರಿಂದ, ದನ ಕಟ್ಟಿದ ಜಾಗ, ಹಾಳುಬಿದ್ದ ಹಟ್ಟಿಗಳ ಮಣ್ಣಿನಲ್ಲಿ ಬಿಳಿಯ ಹುಡಿಯಾಗಿ ಮೇಲೇಳಬೇಕಾದರೆ ಒಣಹವೆ ಬೇಕು. ಬಯಲುಸೀಮೆಯಲ್ಲಿ ಉಪ್ಪಾರರು ಅಂಥ ಮಣ್ಣನ್ನು ಕೆರೆದು, ತೊಳೆದು, ಕುದಿಸಿ ಉಪ್ಪು ತೆಗೆಯುತ್ತಿದ್ದರು. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಸುರಿಯುವ ಕರಾವಳಿಯಲ್ಲಿ ಮಣ್ಣಿನಲ್ಲಿದ್ದ ಅಷ್ಟನ್ನೂ ಒಂದೇ ಆಷಾಢ ತೊಳೆದು ಹೊಳೆಗೆ ಸೇರಿಸುತ್ತದೆ. ಗಂಧಕವಂತೂ ಹಡಗಿನಲ್ಲಿ ಬರಬೇಕಾದ ಸರಕು. ಮೂರರಲ್ಲಿ ಊರಿನದೆಂದು ಹೇಳಬಹುದಾದದ್ದು ಹಗುರ ಮರದ ಇದ್ದಿಲು ಒಂದೇ.

ಹೊರಗಿನ ಸರಕಿಗೆ ಈ ಸೀಮೆಯಲ್ಲಿ ಬಾಗಿಲುಗಳ ಕೊರತೆ ಇರಲಿಲ್ಲ. ತಲ್ಲೂರಿನ ಪಡುದಿಕ್ಕಿನಲ್ಲಿ ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಬಳಿ ಕಡಲು ಸೇರುತ್ತವೆ. ವಾರಾಹಿಯ ದಂಡೆಯ ಬಸರೂರು ಶತಮಾನಗಳ ಕಾಲ ಅಕ್ಕಿಯ ದೊಡ್ಡ ಬಂದರಾಗಿತ್ತು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು 1569ರ ಸುಮಾರಿಗೆ ಬಸರೂರಿನ ಅಳಿವೆಯ ಹತ್ತಿರ ಕೋಟೆ ಕಟ್ಟಿದರು, ಮುಂದೆ ಗಂಗೊಳ್ಳಿಯಲ್ಲಿಯೂ ನೆಲೆಯೂರಿದರು. ಕೆಳದಿಯ ಶಿವಪ್ಪನಾಯಕನು 1650ರ ದಶಕದ ಮೊದಲ ವರ್ಷಗಳಲ್ಲಿ ಅವರನ್ನು ಈ ಕೋಟೆಗಳಿಂದ ಹೊರಹಾಕಿದನು. 1665ರಲ್ಲಿ ಶಿವಾಜಿ ಸಮುದ್ರಮಾರ್ಗವಾಗಿ ಬಂದು ಬಸರೂರನ್ನು ಸೂರೆಗೊಂಡನು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಕರಾವಳಿಯನ್ನೂ ತನ್ನದಾಗಿಸಿಕೊಂಡನು. 1799ರಲ್ಲಿ ಅದು ಕಂಪೆನಿಯ ಕೈಸೇರಿತು. ಈ ಎಲ್ಲರ ಸೈನ್ಯಗಳಲ್ಲಿ ಕೋವಿ ಹಿಡಿದವರಿದ್ದರು ಮತ್ತು ಸೈನ್ಯ ಚದುರಿದಾಗ ಕೋವಿಯ ಬಳಕೆ ಬಲ್ಲವರೂ ಊರುಗಳಲ್ಲಿ ಉಳಿದರೆಂದು ಊಹಿಸುವುದು ಅಸಂಗತವಲ್ಲ. ಮೈಸೂರಿನ ಅಗ್ನಿಬಾಣಗಳಿಗೆ ಸಿಕ್ಕ ಕೀರ್ತಿಯ ಮುಂದೆ ಹಳ್ಳಿಯ ಈಡಿಗೆ ಚರಿತ್ರೆಯಲ್ಲಿ ಎಡೆ ಸಿಗದಿರುವುದು ಸಹಜವಾದರೂ, ಬಳಕೆಯ ಕಾಲಮಾನದಿಂದ ನೋಡಿದರೆ ಎರಡನೆಯದೇ ದೀರ್ಘ.

ಈಡು ಎಂದರೆ ಒಂದು ಸಲದ ಹೊಡೆತಕ್ಕೆ ಕೋವಿಯಲ್ಲಿ ತುಂಬುವ ಸಾಮಗ್ರಿಯ ಒಟ್ಟು. ಬಾಯಿಯಿಂದ ತುಂಬುವ ಕೋವಿಯಲ್ಲಿ ಮೊದಲು ಮದ್ದನ್ನು ಸುರಿದು, ಅದರ ಮೇಲೆ ಚಿಂದಿ ಬಟ್ಟೆ, ತೆಂಗಿನ ನಾರು ಅಥವಾ ಕಾಗದದ ಬಿರಡೆಯನ್ನಿಟ್ಟು, ಗಜ ಎಂದು ಕರೆಯುವ ಸಲಾಕೆಯಿಂದ ಒತ್ತಿ, ಆಮೇಲೆ ಸೀಸದ ಚರೆಯನ್ನೋ ಗುಂಡನ್ನೋ ಇಳಿಸಿ, ಅದು ಜಾರಿ ಹೊರಬೀಳದಂತೆ ಇನ್ನೊಂದು ಬಿರಡೆಯನ್ನು ಕೂರಿಸುವುದು ಕ್ರಮ. ಇಲ್ಲಿ ಗಜ ಒತ್ತುವ ಸಾಧನವಷ್ಟೇ ಅಲ್ಲ, ಅಳೆಯುವ ಸಾಧನವೂ ಹೌದು: ಬರಿದಾದ ನಳಿಗೆಯಲ್ಲಿ ಅದು ಬಾಯಿಯ ಮಟ್ಟಕ್ಕೆ ನಿಲ್ಲುತ್ತಿದ್ದರೆ, ಈಡು ತುಂಬಿದ ಮೇಲೆ ಎಷ್ಟು ಬೆರಳು ಹೊರಗೆ ಉಳಿಯಿತೋ ಅಷ್ಟು ಬೆರಳಿನ ಈಡು ಎಂದು ಲೆಕ್ಕ. ಹಕ್ಕಿಗೆ ಒಂದು ಲೆಕ್ಕ, ಗದ್ದೆಗೆ ನುಗ್ಗುವ ಹಂದಿಗೆ ಇನ್ನೊಂದು. ಬೆರಳು ಎಲ್ಲರದೂ ಒಂದೇ ದಪ್ಪವಲ್ಲವೆಂಬುದು ಈ ಪದ್ಧತಿಯ ದೋಷವೆಂದು ತೋರಬಹುದು. ಆದರೆ ಒಬ್ಬನೇ ತನ್ನದೇ ಕೋವಿಗೆ ತನ್ನದೇ ಬೆರಳಿನಿಂದ ಅಳೆಯುವವರೆಗೆ ಅದು ದೋಷವೇ ಅಲ್ಲ, ಮತ್ತು ಒಬ್ಬನ ಅಳತೆಯನ್ನು ಇನ್ನೊಬ್ಬನ ಕೋವಿಗೆ ಅನ್ವಯಿಸಬಾರದೆಂಬ ಎಚ್ಚರವೂ ಅದರಲ್ಲೇ ಅಡಗಿದೆ.

ಹೊಸ ಕೋವಿಗೆ ಈಡು ಕಟ್ಟುವವನು ಕಡಿಮೆ ಮದ್ದಿನಿಂದ ಆರಂಭಿಸಿ, ಚರೆ ಹರಡುವ ಬಗೆಯನ್ನೂ ಹೆಗಲಿಗೆ ಬೀಳುವ ಒದೆತವನ್ನೂ ನೋಡಿಕೊಂಡು ಮೇಲಕ್ಕೇರಬೇಕಾದದ್ದು ಈ ಕಸುಬಿನ ಸಾಮಾನ್ಯ ವಿವೇಕ. ಮಳೆಗಾಲದಲ್ಲಿ ಈ ಲೆಕ್ಕ ತಪ್ಪುತ್ತಿತ್ತು, ಏಕೆಂದರೆ ತೇವ ಹೀರಿದ ಮದ್ದು ನಿಧಾನವಾಗಿ ಉರಿಯುತ್ತದೆ. ಅದಕ್ಕೆಂದು ಹೆಚ್ಚು ಮದ್ದು ಹಾಕುವ ಅಭ್ಯಾಸ ಬಿದ್ದವನ ಕೈಗೆ ಒಣಗಿದ ಮದ್ದು ಸಿಕ್ಕಿದಾಗ ಅಪಾಯ ತಪ್ಪಿದ್ದಲ್ಲ. ಕರಾವಳಿಯಲ್ಲಿ ಮದ್ದನ್ನು ಬೆಚ್ಚಗಿಡುವುದು ಅದನ್ನು ತುಂಬುವಷ್ಟೇ ದೊಡ್ಡ ವಿದ್ಯೆಯಾಗಿತ್ತು.

ಬತ್ತಿಯ ಕಿಡಿಯಿಂದ ಅಥವಾ ಚಕಮಕಿ ಕಲ್ಲಿನ ಕಿಡಿಯಿಂದ ಸಿಡಿಯುವ ಹಳೆಯ ಕೋವಿಗಳು ಜಡಿಮಳೆಯಲ್ಲಿ ನಿರುಪಯುಕ್ತವಾಗಿದ್ದವು. ಆದುದರಿಂದ ಭತ್ತದ ಪೈರಿಗೆ ಹಂದಿಯ ಕಾಟವಿರುವ ತಿಂಗಳುಗಳಲ್ಲಿ ಅವುಗಳಿಂದ ಪ್ರಯೋಜನ ಅಷ್ಟಕ್ಕಷ್ಟೇ. ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫೋರ್ಸಿತ್ 1807ರಲ್ಲಿ ಹಕ್ಕುಪತ್ರ ಪಡೆದ, ಪೆಟ್ಟಿಗೆ ಸಿಡಿಯುವ ರಾಸಾಯನಿಕದ ಉಪಾಯವು ಮುಂದಿನ ಎರಡು ದಶಕಗಳಲ್ಲಿ ತಾಮ್ರದ ಪುಟ್ಟ ಟೊಪ್ಪಿಗೆಯ ರೂಪ ತಾಳಿತು. ಕನ್ನಡ ನಾಡಿನ ಕೃಷಿಕರು ಕೇಪು ಎಂದು ಕರೆಯುವುದು ಇದನ್ನೇ. ಕೇಪಿನ ಕೋವಿ ಘಟ್ಟದ ಮೇಲೂ ಕೆಳಗೂ ಇಷ್ಟು ಗಟ್ಟಿಯಾಗಿ ನೆಲೆಯೂರಿದ್ದಕ್ಕೆ ಅಗ್ಗದ ಬೆಲೆಯಷ್ಟೇ ಮಳೆಯೂ ಕಾರಣವೆನ್ನಬೇಕು.

ಈ ಮನೆಯೊಳಗಿನ ಅಳತೆಗೆ ಸರಕಾರ ಕೈಹಾಕಿದ್ದು 1857ರ ದಂಗೆಯ ನಂತರ. ವೈಸರಾಯ್ ಲಿಟ್ಟನ್‌ನ ಕಾಲದ 1878ರ ಶಸ್ತ್ರಾಸ್ತ್ರ ಕಾಯ್ದೆಯು ಕೋವಿಯನ್ನಷ್ಟೇ ಪರವಾನಿಗೆಗೆ ಒಳಪಡಿಸದೆ, ಸೀಸ, ಗಂಧಕ ಮತ್ತು ಪೆಟ್ಲುಪ್ಪನ್ನೂ ಸೈನಿಕ ಸಾಮಗ್ರಿಗಳೆಂದು ಘೋಷಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. ಕೊಡಗಿನವರಿಗೆ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ನೀಡಿದ ವಿನಾಯಿತಿ ಇಂದಿಗೂ ಬೇರೆ ರೂಪದಲ್ಲಿ ಮುಂದುವರಿದಿದ್ದು, 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿದೆ; ಮದರಾಸು ಪ್ರಾಂತದ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕುಂದಾಪುರದ ಕೃಷಿಕನಿಗೆ ಅಂಥ ವಿನಾಯಿತಿ ದೊರೆಯಲಿಲ್ಲ. ಅದೇ ಕಾಡು, ಅದೇ ಹಂದಿ, ಅದೇ ಕೇಪಿನ ಕೋವಿ ಇದ್ದರೂ ಒಂದು ಕಡೆ ಅದು ಕುಲದ ಹಕ್ಕಾಯಿತು, ಇನ್ನೊಂದು ಕಡೆ ಬೆಳೆ ರಕ್ಷಣೆಗೆಂದು ಅರ್ಜಿ ಹಾಕಿ ಪಡೆಯಬೇಕಾದ ಅನುಮತಿಯಾಯಿತು.

ಅಳತೆಯನ್ನು ಊರಿನವರ ಕೈಯಿಂದ ಕಾರ್ಖಾನೆ ಕಿತ್ತುಕೊಂಡದ್ದು ತೋಟೆಯ ಮೂಲಕ. ಮದ್ದು, ಚರೆ, ಕೇಪು ಮೂರನ್ನೂ ಒಂದೇ ಚಿಪ್ಪಿನೊಳಗೆ ಅಡಕಿಸಿದ ಕಾಡತೂಸಿಗೆ ಈ ಸೀಮೆಯಲ್ಲಿ ತೋಟೆಯೆಂದು ಹೆಸರು. ಹನ್ನೆರಡು ಬೋರಿನ ತೋಟೆಯೆಂದರೆ, ಒಂದು ಪೌಂಡು ಸೀಸದಿಂದ ಹನ್ನೆರಡು ಸಮ ಗುಂಡುಗಳನ್ನು ಮಾಡಿದಾಗ ಅವುಗಳಲ್ಲಿ ಒಂದು ಹಿಡಿಸುವಷ್ಟು ಅಗಲದ ನಳಿಗೆಯದು. ಪುಣೆಯ ಬಳಿಯ ಖಡ್ಕಿಯಲ್ಲಿ 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಆರಂಭವಾಯಿತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆರಹಿತ ಮದ್ದನ್ನು ಸಿದ್ಧಪಡಿಸಿದ ಮೇಲೆ ತೋಟೆಯ ಮಟ್ಟಿಗೆ ಬೆರಳಿನ ಲೆಕ್ಕಕ್ಕೆ ಅರ್ಥವೇ ಉಳಿಯಲಿಲ್ಲ: ಹಳೆಯ ಮದ್ದನ್ನು ಗಾತ್ರದಿಂದ ಅಳೆದರೆ ಸಾಕಾಗುತ್ತಿತ್ತು, ಹೊಸದನ್ನು ತೂಗಲೇಬೇಕು. ಆ ತೂಕದ ಮಾನ ಗ್ರೇನ್. ಸುಮಾರು 65 ಮಿಲಿಗ್ರಾಂ ತೂಗುವ ಅದು ಅಕ್ಕಸಾಲಿಗರ ತಕ್ಕಡಿಯ ಒಂದು ಗುಲಗಂಜಿಯ ಅರ್ಧಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು.

ಪಿಸ್ತೂಲಿನ ವಿಷಯದಲ್ಲಿ ಈ ಸೂಕ್ಷ್ಮ ಇನ್ನೂ ತೀವ್ರ. ಅಮೆರಿಕದಲ್ಲಿ ಖಾಲಿ ಚಿಪ್ಪುಗಳಿಗೆ ಮನೆಯಲ್ಲೇ ಹೊಸ ಮದ್ದು ತುಂಬುವುದು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಬಳಕೆಯಲ್ಲಿರುವ, ಕಾನೂನು ಒಪ್ಪುವ ಹವ್ಯಾಸ. ಅಲ್ಲಿ ಮೊದಲ ಸಲ ಕೈಹಾಕುವವನು ಮುದ್ರಿತ ಕೈಪಿಡಿಯ ಕನಿಷ್ಠ ಮಟ್ಟದಿಂದ ಹೊರಟು ಹಂತಹಂತವಾಗಿ ಏರಬೇಕು, ಕೈಪಿಡಿ ಹೇಳಿದ ಗರಿಷ್ಠವನ್ನು ಮೀರಬಾರದು. ಪಿಸ್ತೂಲಿನ ಚಿಪ್ಪಿನಲ್ಲಿ ಬೇಕಾಗುವ ಮದ್ದು ಕೆಲವೇ ಗ್ರೇನ್‌ಗಳಷ್ಟಿದ್ದು, ಎಷ್ಟೋ ಬಗೆಯ ಚಿಪ್ಪುಗಳಲ್ಲಿ ಅರ್ಧ ಜಾಗವೂ ತುಂಬದಿರುವುದರಿಂದ, ಮರೆತು ಎರಡು ಸಲ ಸುರಿದರೂ ಕಣ್ಣಿಗೆ ಬೀಳದೆ ಹೋಗಬಹುದು; ನಳಿಗೆ ಒಡೆಯುವ ಅನಾಹುತಗಳಿಗೆ ಇದು ಹೆಸರಾದ ಕಾರಣ. ಗಜದ ಲೆಕ್ಕದಲ್ಲಿ ಎರಡು ಸಲ ಸುರಿದ ಮದ್ದು ಅಡಗಿ ಕೂರಲಾರದು, ಅದು ಬೆರಳಿನಲ್ಲಿ ತಕ್ಷಣ ಗೊತ್ತಾಗುತ್ತದೆ. ತಲ್ಲೂರು ಕಡೆಯ ಕೃಷಿಕನಿಗೆ ಪಿಸ್ತೂಲಿನಿಂದ ಆಗಬೇಕಾದ ಕೆಲಸವೂ ಇರಲಿಲ್ಲ; 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಮದ್ದುಗುಂಡು ತಯಾರಿಕೆಗೇ ಪ್ರತ್ಯೇಕ ಪರವಾನಿಗೆ ಬೇಕಾದ್ದರಿಂದ, ತೋಟೆಯ ಕೋವಿಯುಳ್ಳವನು ಅಂಗಡಿಯ ತೋಟೆಯನ್ನೇ ಕೊಂಡು ಪರವಾನಿಗೆಯ ಪುಸ್ತಕದಲ್ಲಿ ದಾಖಲಿಸಿಕೊಳ್ಳುತ್ತಾನೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ತಡೆ ಹಾಕಿದ ಮೇಲೆ ಕೋವಿಯ ಸದ್ದು ಹೆಚ್ಚಾಗಿ ಮಂಗನನ್ನೂ ಹಂದಿಯನ್ನೂ ಬೆದರಿಸಲು ಉಳಿಯಿತು. ಪರವಾನಿಗೆಗಳಲ್ಲಿ ಎಸ್‌ಬಿಎಂಎಲ್ ಎಂದು ನಮೂದಾಗುವ, ಅಂದರೆ ಬಾಯಿಯಿಂದ ತುಂಬುವ ಒಂಟಿ ನಳಿಗೆಯ ಕೋವಿಗಳು ಉಡುಪಿ ಜಿಲ್ಲೆಯ ಘಟ್ಟದಂಚಿನ ಮನೆಗಳಲ್ಲಿ ಇನ್ನೂ ಇವೆ, ಮತ್ತು ಪ್ರತಿ ಚುನಾವಣೆಯ ಹೊತ್ತಿಗೆ ಅವನ್ನು ಠಾಣೆಯಲ್ಲಿ ಒಪ್ಪಿಸಬೇಕೆಂಬ ಆದೇಶಕ್ಕೆ ಕೃಷಿಕರ ಆಕ್ಷೇಪವೂ ಇದೆ. ತೋಟೆಯ ಕೋವಿಯನ್ನು ಮಡಚಿ ತೋಟೆಯನ್ನು ಹೊರತೆಗೆದರೆ ಕೆಲಸ ಮುಗಿಯಿತು. ಕೇಪಿನ ಕೋವಿಯ ಈಡನ್ನು ಹಾಗೆ ಹಿಂದಕ್ಕೆ ತೆಗೆಯಲಾಗದು, ಆದುದರಿಂದ ಒಪ್ಪಿಸುವ ಮುನ್ನ ಅದನ್ನು ಹೊಡೆದು ಖಾಲಿ ಮಾಡಬೇಕು, ಇಲ್ಲವೇ ಗಜದ ತುದಿಗೆ ತಿರುಪು ಸಿಕ್ಕಿಸಿ ಬಿರಡೆಯನ್ನು ಎಳೆದು ಚರೆಯನ್ನೂ ಮದ್ದನ್ನೂ ಸುರಿದುಕೊಳ್ಳಬೇಕು.