ಹಂಪಿಗೆ ವರವಾದ ವಿಳಾಸ, ಕಾಡುಪಾಪಕ್ಕೆ ಶಾಪ

ಐವತ್ತು ರೂಪಾಯಿಯ ಹೊಸ ನೋಟನ್ನು ತಿರುವಿ ನೋಡಿದರೆ ಹಂಪಿಯ ಕಲ್ಲಿನ ರಥ ಕಾಣುತ್ತದೆ. 2017ರಲ್ಲಿ ಚಲಾವಣೆಗೆ ಬಂದ ಈ ನೋಟಿನ ರಥಕ್ಕೆ ಶಿಖರವಿಲ್ಲ. ಹಂಪಿಗೇ ಹೋಗಿ ನೋಡಿದರೂ ಇಲ್ಲ. ಆದರೆ ಒಂದು ಕಾಲದಲ್ಲಿ ಈ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವಿತ್ತು. ಅದು ಇದ್ದದ್ದು ನಿಜವೆಂದು ತೋರಿಸಲು 1856ರಲ್ಲಿ ತೆಗೆದ ಒಂದು ಛಾಯಾಚಿತ್ರವೇ ಸಾಕ್ಷಿ.

ಚಿತ್ರ ತೆಗೆದವನು ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ. ಆಗ ಫಿಲಂ ಇರಲಿಲ್ಲ. ಮೇಣ ಸವರಿದ, ಸುಮಾರು ಒಂದೂವರೆ ಅಡಿ ಅಗಲದ ಕಾಗದವೇ ನೆಗೆಟಿವ್. ಅದನ್ನು ಹಿಡಿಸುವಷ್ಟು ದೊಡ್ಡ ಕ್ಯಾಮೆರಾ ಪೆಟ್ಟಿಗೆಯನ್ನು ಹೊರಿಸಿಕೊಂಡು ಅವನು ಹಾಳುಬಿದ್ದ ರಾಜಧಾನಿಯನ್ನು ಸುತ್ತಿದ. ಆ ನೆಗೆಟಿವ್‌ಗಳು ಬಹುಕಾಲ ಯಾರ ಗಮನಕ್ಕೂ ಬಾರದೆ ಉಳಿದಿದ್ದವು. ಅವು ಮತ್ತೆ ಬೆಳಕಿಗೆ ಬಂದ ಮೇಲೆ, 1983ರಲ್ಲಿ, ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಹಂಪಿಗೆ ಬಂದು ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಅವೇ ದೃಶ್ಯಗಳನ್ನು ಮತ್ತೆ ತೆಗೆದ. ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಯಾವ ಗೋಡೆ ಬಿದ್ದಿದೆ, ಯಾವ ಕಂಬ ಉಳಿದಿದೆ ಎಂದು ಸುಲಭವಾಗಿ ಹೇಳಬಹುದು.

ಇಷ್ಟು ಕಾಲ ಕಳೆದ ಮೇಲೆ ಅದೇ ಜಾಗವನ್ನು ಹುಡುಕುವುದು ಹೇಗೆ? ಹತ್ತಿರದ ಕಂಬ ಮತ್ತು ದೂರದ ಬೆಟ್ಟದ ತುದಿ ಹಳೆಯ ಚಿತ್ರದಲ್ಲಿ ಹೇಗೆ ಒಂದಕ್ಕೊಂದು ಹೊಂದಿಕೊಂಡಿವೆಯೋ ಹಾಗೆಯೇ ಕಣ್ಣಿಗೆ ಕಾಣುವವರೆಗೆ ಹಿಂದೆ ಮುಂದೆ, ಅತ್ತ ಇತ್ತ ಸರಿಯಬೇಕು. ಎರಡೂ ಸರಿಯಾಗಿ ಕೂಡಿಕೊಂಡಾಗ ಜಾಗ ಸಿಕ್ಕಿತೆಂದೇ ಅರ್ಥ. ಅಂದರೆ ಪ್ರತಿ ಚಿತ್ರದೊಳಗೂ ಅದರ ವಿಳಾಸ ಅಡಗಿರುತ್ತದೆ, ಓದಲು ಬರಬೇಕು ಅಷ್ಟೆ.

ಬೆಂಗಳೂರಿನಲ್ಲಿ ಮುದ್ರಣ

ವಿಳಾಸವನ್ನು ಚಿತ್ರದ ಹೊರಗೆ ಬರೆದಿಡುವ ಪದ್ಧತಿಯೂ ಹಳೆಯದೇ. ಗ್ರೀನ್‌ಲಾನ ಸಮಕಾಲೀನ ಲಿನಿಯಸ್ ಟ್ರೈಪ್ ಕೂಡ ಸೈನ್ಯದವನು. ಅವನು 1854ರ ಕೊನೆಯಲ್ಲಿ ಬೇಲೂರು, ಹಳೇಬೀಡುಗಳ ದೇವಾಲಯಗಳನ್ನು ಚಿತ್ರಿಸಿದ. ಮರುವರ್ಷ ಬರ್ಮಾಕ್ಕೆ ಹೋದ ಸರ್ಕಾರಿ ನಿಯೋಗದ ಛಾಯಾಗ್ರಾಹಕನಾದ. ಹಿಂದಿರುಗಿ ಬಂದು ಬೆಂಗಳೂರಿನಲ್ಲಿ ನೆಲೆಸಿ, 120 ದೃಶ್ಯಗಳ 50 ಸಂಪುಟಗಳನ್ನು ಸಿದ್ಧಪಡಿಸಿದ. ಲೆಕ್ಕ ಹಾಕಿದರೆ ಆರು ಸಾವಿರ ಪ್ರತಿಗಳಾಗುತ್ತವೆ. ಒಂದೊಂದನ್ನೂ ಬಿಸಿಲಿಗಿಟ್ಟು ಮುದ್ರಿಸಬೇಕಾಗಿದ್ದ ಕಾಲ ಅದು. ಪ್ರತಿ ಚಿತ್ರಕ್ಕೂ ಕ್ರಮಸಂಖ್ಯೆ, ಸ್ಥಳದ ಹೆಸರು ಮತ್ತು ಅಡಿಬರಹವನ್ನು ಅಂಟಿಸಲಾಗಿತ್ತು. ಇಂದಿನ ಮೊಬೈಲ್ ತಾನಾಗಿ ಮಾಡುವ ಕೆಲಸವನ್ನು ಅಂದು ಕೈಯಿಂದ ಮಾಡಲಾಗಿತ್ತು ಎನ್ನಬಹುದು.

ಹೆಸರಿನ ಬದಲು ಅಂಕಿಗಳಲ್ಲಿ ಜಾಗ ಹೇಳುವ ಕೆಲಸಕ್ಕೂ ಈ ಊರಿನ ನಂಟಿದೆ. ಟಿಪ್ಪುವಿನ ಪತನದ ಮರುವರ್ಷ, ಅಂದರೆ 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಬೆಂಗಳೂರಿನ ಅಗರದ ಬಳಿ ನೂರು ಅಡಿಯ ಉಕ್ಕಿನ ಸರಪಳಿ ಹಿಡಿದು ಸುಮಾರು ಏಳೂವರೆ ಮೈಲಿಯ ನೇರ ಗೆರೆಯೊಂದನ್ನು ಅಳೆದ. ಅಂಥ ಗೆರೆಯ ಎರಡು ತುದಿಗಳಿಂದ ಕೋನಗಳನ್ನು ಅಳೆಯುತ್ತಾ ಹೋದರೆ ದೂರದ ಬೆಟ್ಟಗಳ ಸ್ಥಾನವನ್ನೂ ಗುರುತಿಸಬಹುದು. 1802ರಲ್ಲಿ ಮದ್ರಾಸಿನಿಂದ ವಿಧ್ಯುಕ್ತವಾಗಿ ಆರಂಭವಾದ ಮಹಾ ತ್ರಿಕೋನಮಿತಿ ಸರ್ವೆಗೆ ಇದು ಪೂರ್ವಸಿದ್ಧತೆಯಂತಿತ್ತು. ದೇಶದ ಭೂಪಟಕ್ಕೆ ಅಕ್ಷಾಂಶ, ರೇಖಾಂಶಗಳು ಕೂಡಿಬಂದದ್ದು ಇಂಥ ದಶಕಗಳ ದುಡಿಮೆಯಿಂದ.

ಬಾಯಿಂದ ಬಾಯಿಗೆ

ಈ ಅಂಕಿಗಳು ಕ್ಯಾಮೆರಾದೊಳಗೆ ಬಂದು ಸೇರಲು ಬಹಳ ಕಾಲ ಬೇಕಾಯಿತು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಮೊದಲಾದವರು ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದದ್ದು ಫಿಲಂ ಕಾಲದಲ್ಲಿ. ಒಂದು ರೋಲ್‌ನಲ್ಲಿ 36 ಚಿತ್ರ. ಊರು, ದಿನಾಂಕ ಬರೆದುಕೊಳ್ಳಲು ಇದ್ದದ್ದು ಸ್ಲೈಡಿನ ಚೌಕಟ್ಟು ಅಥವಾ ಜೇಬಿನ ನೋಟುಪುಸ್ತಕ. ಹಕ್ಕಿ ಎಲ್ಲಿ ಗೂಡು ಕಟ್ಟಿದೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಹೋಗಬೇಕಿತ್ತು. ಹೇಳುವವರಿಗೆ ಕೇಳುವವರ ಮುಖ ಪರಿಚಯವಿರುತ್ತಿತ್ತು. ಆ ಪರಿಚಯವೇ ಕಾವಲು.

1995ರಲ್ಲಿ ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮ ಸಂಘವು ಡಿಜಿಟಲ್ ಚಿತ್ರಗಳಿಗಾಗಿ ಎಕ್ಸಿಫ್ ಎಂಬ ಮಾದರಿಯನ್ನು ರೂಪಿಸಿತು. ಚಿತ್ರದ ಕಡತದೊಳಗೇ ತೆಗೆದ ವೇಳೆ, ಲೆನ್ಸಿನ ವಿವರ ಮುಂತಾದವನ್ನು ದಾಖಲಿಸುವ ಏರ್ಪಾಡು ಇದು. ಅಕ್ಷಾಂಶ, ರೇಖಾಂಶಗಳಿಗೂ ಅದರಲ್ಲಿ ಜಾಗವಿದೆ. ಇತ್ತ ಉಪಗ್ರಹಗಳಿಂದ ಸ್ಥಾನ ತಿಳಿಸುವ ಅಮೆರಿಕದ ಜಿಪಿಎಸ್ ವ್ಯವಸ್ಥೆಯಲ್ಲಿ ಜನಸಾಮಾನ್ಯರಿಗೆ ಬೇಕೆಂದೇ ತಪ್ಪು ಬೆರೆಸಲಾಗುತ್ತಿತ್ತು. ನೂರು ಮೀಟರಿನವರೆಗೂ ದೋಷ. ಮಲ್ಲೇಶ್ವರದ ಒಂದು ಅಡ್ಡರಸ್ತೆಯಲ್ಲಿ ನಿಂತವನನ್ನು ಪಕ್ಕದ ಅಡ್ಡರಸ್ತೆಯಲ್ಲಿದ್ದಾನೆ ಎನ್ನುವಂತೆ. 2000ದ ಮೇ ತಿಂಗಳಲ್ಲಿ ಅಮೆರಿಕ ಅದನ್ನು ಕೈಬಿಟ್ಟಿತು. ಮುಂದೆ ಕ್ಯಾಮೆರಾ ಮತ್ತು ಜಿಪಿಎಸ್ ಎರಡೂ ಮೊಬೈಲಿನೊಳಗೆ ಒಂದಾದವು. ಚಿತ್ರಕ್ಕೆ ಹೀಗೆ ಅಂಟಿಕೊಳ್ಳುವ ಸ್ಥಳದ ಅಂಕಿಗಳಿಗೆ ಜಿಯೋಟ್ಯಾಗ್ ಎಂದು ಹೆಸರು. ಪ್ರವಾಸ ಹೋಗಿ ಬಂದವರಿಗೆ ಇದು ದೊಡ್ಡ ಅನುಕೂಲ. ಯಾವ ಜಲಪಾತ, ಯಾವ ಗುಡಿ ಎಂದು ತಲೆ ಕೆರೆದುಕೊಳ್ಳಬೇಕಾಗಿಲ್ಲ.

ಆದರೆ ಗುಡಿ ಓಡಿಹೋಗುವುದಿಲ್ಲ, ಅದನ್ನು ಚೀಲದಲ್ಲಿ ಹಾಕಿಕೊಂಡು ಹೋಗಲೂ ಆಗುವುದಿಲ್ಲ. ಜೀವಿಗಳ ಮಾತು ಬೇರೆ.

ಕಾಡು ಮಲ್ಲೇಶ್ವರನ ನೆರೆಯಲ್ಲಿ

ಮಲ್ಲೇಶ್ವರಕ್ಕೆ ಆ ಹೆಸರು ಬಂದದ್ದು ಕಾಡು ಮಲ್ಲೇಶ್ವರನಿಂದ. 17ನೆಯ ಶತಮಾನದಿಂದ ದಾಖಲೆಯಿರುವ ಈ ದೇವರ ಹೆಸರಿನಲ್ಲೇ ಕಾಡು ಉಳಿದುಕೊಂಡಿದೆ. ಅಲ್ಲಿಂದ ಅನತಿದೂರದಲ್ಲಿ, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ನೆಲದಲ್ಲಿ 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಅದರ ದಟ್ಟ ಮರಗಳ ಆವರಣದಲ್ಲಿ ಇಂದಿಗೂ ಕಾಡುಪಾಪಗಳಿವೆ ಎಂಬುದನ್ನು ಸಂಶೋಧಕರು ದಾಖಲಿಸಿದ್ದಾರೆ.

ಕಾಡುಪಾಪ ಕೋತಿಯ ದೂರದ ನೆಂಟ. ತೂಕ ಕಾಲು ಕಿಲೋ ಆಸುಪಾಸು, ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣು. ಹಗಲೆಲ್ಲ ಮುದುಡಿ ಮಲಗಿ, ರಾತ್ರಿ ಕೊಂಬೆಯಿಂದ ಕೊಂಬೆಗೆ ನಿಧಾನವಾಗಿ ಸರಿಯುತ್ತಾ ಹುಳುಹುಪ್ಪಟೆ ಹಿಡಿದು ತಿನ್ನುತ್ತದೆ. ಜಿಗಿಯುವ ಪ್ರಾಣಿಯಲ್ಲವಾದ್ದರಿಂದ ಒಂದು ಮರ ಕಡಿದರೂ ಅದರ ದಾರಿ ತುಂಡಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿ ಅದಕ್ಕೆ ರಕ್ಷಣೆ ಇದೆ. ಹಾಗಿದ್ದರೂ ಮಾಟಮಂತ್ರದ ಮೂಢನಂಬಿಕೆಗೂ ಕಳ್ಳವ್ಯಾಪಾರಕ್ಕೂ ಅದನ್ನು ಹಿಡಿಯುವವರಿದ್ದಾರೆ. ಅಂಥವರಿಗೆ ಕಾಡುಪಾಪದ ನಿಧಾನ ನಡೆಯೇ ಅನುಕೂಲ. ಅದು ಯಾವ ಮರದಲ್ಲಿದೆ ಎಂದು ಗೊತ್ತಾದರೆ ಸಾಕು, ಓಡಿ ತಪ್ಪಿಸಿಕೊಳ್ಳಲಾರದು.

ಇದು ಬರೀ ಊಹೆಯ ಭಯವಲ್ಲ. ದಕ್ಷಿಣ ಚೀನಾದ ಗುಹೆಗಳ ಬಳಿ ವಾಸಿಸುವ ಒಂದು ಜಾತಿಯ ಹಲ್ಲಿಯನ್ನು 1999ರಲ್ಲಿ ವಿಜ್ಞಾನಿಗಳು ಹೊಸ ಪ್ರಭೇದವೆಂದು ಪ್ರಕಟಿಸಿದರು. ರೂಢಿಯಂತೆ ಅದು ಸಿಕ್ಕ ಸ್ಥಳವನ್ನೂ ಬರೆದರು. ಸಾಕುಪ್ರಾಣಿ ವ್ಯಾಪಾರಿಗಳು ಅದನ್ನೇ ಹಿಡಿದು ಹೋದರು. ಆ ಸ್ಥಳದಲ್ಲಿ ಹಲ್ಲಿ ನಿರ್ನಾಮವಾಯಿತೆಂದು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿಯಾಯಿತು. 2017ರಲ್ಲಿ ಅದೇ ಪತ್ರಿಕೆಯಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು, ಅಪರೂಪದ ಜೀವಿಗಳ ನಿಖರ ಸ್ಥಳವನ್ನು ಪ್ರಕಟಿಸಲೇಬೇಡಿ ಎಂದು ಸಹೋದ್ಯೋಗಿಗಳಿಗೆ ಮನವಿ ಮಾಡಿದರು. ವಿಜ್ಞಾನ ಪತ್ರಿಕೆಯ ಒಂದು ಸಾಲೇ ಇಷ್ಟು ಕೆಡುಕು ಮಾಡಬಲ್ಲದಾದರೆ, ಸಾವಿರಾರು ಮೊಬೈಲುಗಳಲ್ಲಿ ಹರಿದಾಡುವ ಚಿತ್ರದ ಬಗ್ಗೆ ಬೇರೆ ಹೇಳಬೇಕಿಲ್ಲ.

ಎಷ್ಟು ಹೇಳಬೇಕು?

ಹಾಗಾದರೆ ಜಾಗವನ್ನು ಪೂರ್ತಿ ಮುಚ್ಚಿಡುವುದು ಒಳ್ಳೆಯದೆ? ಅದೂ ಅಪಾಯವೇ. ಬೆಂಗಳೂರಿನಲ್ಲಿ ರಸ್ತೆ ಅಗಲ ಮಾಡುವಾಗ, ಕಟ್ಟಡ ಎಬ್ಬಿಸುವಾಗ ಮರಗಳಿಗೆ ಕೊಡಲಿ ಬೀಳುವುದು ಹೊಸತಲ್ಲ. ಆ ಭಾಗದಲ್ಲಿ ಕಾಡುಪಾಪವಿದೆ ಎಂದು ಯಾರಿಗೂ ತಿಳಿಯದಿದ್ದರೆ, ಕಡಿಯಬೇಡಿ ಎನ್ನಲು ಆಧಾರವೇ ಇರುವುದಿಲ್ಲ. ತಮಿಳುನಾಡು ಸರ್ಕಾರ 2022ರಲ್ಲಿ ಕರೂರು ಮತ್ತು ದಿಂಡಿಗಲ್ ಜಿಲ್ಲೆಗಳ 11,806 ಹೆಕ್ಟೇರ್ ಪ್ರದೇಶವನ್ನು ಕಡವೂರು ಕಾಡುಪಾಪ ಅಭಯಾರಣ್ಯವೆಂದು ಘೋಷಿಸಿತು. ಪ್ರಾಣಿ ಎಲ್ಲಿದೆಯೆಂದು ಹೇಳಿದ್ದರಿಂದಲೇ ಅದು ಸಾಧ್ಯವಾಯಿತು. ಆದರೆ ಸರ್ಕಾರ ಹೇಳಿದ್ದು ಇಡೀ ಕಾಡಿನ ಹೆಸರು, ಮರದ ಹೆಸರಲ್ಲ.

ವ್ಯತ್ಯಾಸವಿರುವುದು ಇಲ್ಲಿಯೇ. ಜನಸಾಮಾನ್ಯರು ಕಂಡ ಜೀವಿಗಳನ್ನು ದಾಖಲಿಸುವ ‘ಐನ್ಯಾಚುರಲಿಸ್ಟ್’ ವ್ಯವಸ್ಥೆ ಇದನ್ನೇ ಅನುಸರಿಸುತ್ತದೆ. ಅಪಾಯದಲ್ಲಿರುವ ಪ್ರಭೇದವಾದರೆ ನಿಖರ ಬಿಂದುವನ್ನು ಮರೆಮಾಡಿ, ಸುಮಾರು 22 ಕಿಲೋಮೀಟರ್ ಉದ್ದಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ಗುರುತು ಹಾಕುತ್ತದೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ ಮೂರೂ ಅಂಥ ಒಂದೇ ಚೌಕದಲ್ಲಿ ಅಡಗಿಬಿಡುವಷ್ಟು ಅದು ದೊಡ್ಡದು. ಸಂಶೋಧಕರಿಗೆ ಜಿಲ್ಲೆ ತಿಳಿಯುತ್ತದೆ, ಬೇಟೆಗಾರನಿಗೆ ಮರ ತಿಳಿಯುವುದಿಲ್ಲ.

ಮೊಬೈಲ್ ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಸ್ಥಳ ದಾಖಲೆಯನ್ನು ನಿಲ್ಲಿಸಬಹುದು. ಆದರೆ ಅಷ್ಟಕ್ಕೇ ಕೆಲಸ ಮುಗಿಯದು. ಗಾಲಿಂಗ್ಸ್ ಹಂಪಿಯಲ್ಲಿ ಮಾಡಿದ್ದನ್ನು ಬೇಟೆಗಾರನೂ ಮಾಡಬಲ್ಲ. ಚಿತ್ರದ ಮೂಲೆಯಲ್ಲಿ ಕಾಣುವ ಗೇಟು, ನೀರಿನ ಟ್ಯಾಂಕು, ವಿಚಿತ್ರ ಆಕಾರದ ಬಂಡೆ ಇವೆಲ್ಲವೂ ವಿಳಾಸಗಳೇ. ಆದ್ದರಿಂದ ಚಿತ್ರವನ್ನು ಹಂಚುವ ಮೊದಲು ಹಿನ್ನೆಲೆಯ ಮೇಲೊಮ್ಮೆ ಕಣ್ಣಾಡಿಸುವುದು ಲೇಸು. ದೇವಾಲಯವಾದರೆ ಕಂಬದ ಸಂಖ್ಯೆಯನ್ನೂ ಬರೆದಿಡಬೇಕು, ಮುಂದೆ ಬರುವವರಿಗೆ ಅದು ದಾಖಲೆ. ಕಾಡುಪಾಪವಾದರೆ ಊರಿನ ಹೆಸರೇ ಧಾರಾಳ.